ರೇನಾಕ್ಸ್ ಡಿಸಿಆರ್-250: ಜೇಡಕ್ಕೆ ತಗೊಳ್ಳಿ, ಚಿಟ್ಟೆಗೆ ಬೇಡ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಸಾಧಾರಣ ಡಿಎಸ್ಎಲ್ಆರ್ ಇದ್ದು, ಜೊತೆಗೆ 55-250 ಮಿ.ಮೀ. ಥರದ ಟೆಲಿ ಝೂಮ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇದ್ದು, ಜೇಡ, ಇರುವೆ, ತಿಗಣೆ, ನೊಣ ಇವುಗಳ ಮುಖವನ್ನು ಹತ್ತಿರದಿಂದ ನೋಡಬೇಕು ಅನ್ನುವ ಆಸೆ ಇದ್ದರೆ, ರೇನಾಕ್ಸ್ ಡಿಸಿಆರ್-250 ಅನ್ನುವ ಈ ಲೆನ್ಸಿಗಿಂತ ಕಡಿಮೆ ಖರ್ಚಿನ ಒಳ್ಳೆ ದಾರಿ ನನಗಂತೂ ಕಂಡಿಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ ತೆಗೆಯುವುದೇ ನಿಮಗಿಷ್ಟ ಅಂದರೆ ಇದು ಬೇಡ. ದುಡ್ಡು ಉಳಿಸಿಕೊಳ್ಳಿ.

ಇದು ಸ್ವತಂತ್ರ ಲೆನ್ಸ್ ಅಲ್ಲ. ನಿಮ್ಮ ಲೆನ್ಸಿನ ಮೂತಿಗೆ ಸಿಕ್ಕಿಸುವ ಕ್ಲೋಸ್‌ಅಪ್ ಲೆನ್ಸ್. ಜಪಾನಿನ ಮಾಲು. ಮುಷ್ಟಿಯೊಳಗೆ ಮುಚ್ಚಿ ಹಿಡಿಯುವಷ್ಟು ಚಿಕ್ಕದು. ಒಳಗೆ ಮೂರು ಗಾಜುಗಳಿವೆ, ಎರಡು ಗುಂಪಾಗಿ. ಪವರ್ 8 ಡಯಾಪ್ಟರ್. ಕನ್ನಡಕದ ಅಂಗಡಿಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. 1000ವನ್ನು 8ರಿಂದ ಭಾಗಿಸಿದರೆ 125 ಬರುತ್ತದೆ, ಅದೇ ಇದರ ಫೋಕಲ್ ಲೆಂತ್, ಮಿಲಿಮೀಟರಿನಲ್ಲಿ. ನಿಮ್ಮ ಲೆನ್ಸಿನ ಫೋಕಲ್ ಲೆಂತನ್ನು ಈ 125ರಿಂದ ಭಾಗಿಸಿ. ಹುಳ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಬೀಳುವ ಫಲಕ) ಮೇಲೆ ಎಷ್ಟು ಪಟ್ಟು ದೊಡ್ಡದಾಗಿ ಬೀಳುತ್ತದೆ ಅಂತ ಗೊತ್ತಾಗುತ್ತದೆ. 250 ಮಿ.ಮೀ.ಗೆ ಎರಡು ಪಟ್ಟು. ನನ್ನ ಕ್ಯಾನನ್‌ನ ಸೆನ್ಸರ್ ಅಗಲ 22 ಮಿ.ಮೀ. ಚಿಲ್ಲರೆ, ಹಾಗಾಗಿ ಪೂರ್ತಿ ಝೂಮ್ ಮಾಡಿದರೆ ಫ್ರೇಮಿನಲ್ಲಿ ಹಿಡಿಸುವುದು 11 ಮಿ.ಮೀ. ಅಗಲದ ಜಾಗ ಅಷ್ಟೇ. ಗೋಡೆ ಮೇಲೆ ಟಣ್ ಅಂತ ನೆಗೆಯುವ ಸಣ್ಣ ಜೇಡ ಇದೆಯಲ್ಲ, ಅದೊಂದೇ ಫ್ರೇಮ್ ತುಂಬಿಬಿಡುತ್ತದೆ. ಹತ್ತಿರದ ಫೋಟೋಕ್ಕೆಂದೇ ಮಾಡಿದ ನಿಜವಾದ ಮ್ಯಾಕ್ರೋ ಲೆನ್ಸ್‌ಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಅಳತೆಗೇ ನಿಂತುಬಿಡುತ್ತವೆ, ಅಂದರೆ ಇದರ ಅರ್ಧ. ಅವುಗಳ ಬೆಲೆ ಹತ್ತಾರು ಸಾವಿರ. ಇದಕ್ಕೆ ನಾನು ಕೊಟ್ಟಿದ್ದು ಏಳು ಸಾವಿರದ ಆಸುಪಾಸು.

ಇದಕ್ಕಿಂತ ಅಗ್ಗದ ದಾರಿಗಳೂ ಇವೆ. +1, +2, +4, +10 ಅಂತ ನಾಲ್ಕು ಫಿಲ್ಟರಿನ ಸೆಟ್ ಬರುತ್ತದೆ. ಬೇಡವೇ ಬೇಡ. ಒಂಟಿ ಗಾಜಿನವು, ಅಂಚಿನಲ್ಲೆಲ್ಲ ನೇರಳೆ, ಹಸಿರು ಬಣ್ಣ ಸೋರುತ್ತದೆ. ಎಕ್ಸ್‌ಟೆನ್ಷನ್ ಟ್ಯೂಬ್ ಅಂತ ಇನ್ನೊಂದು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ, ಒಳಗೆ ಗಾಜಿಲ್ಲದ ಖಾಲಿ ಕೊಳವೆ. ಅದು ಕೆಟ್ಟದ್ದಲ್ಲ, ಆದರೆ ಟೆಲಿ ಲೆನ್ಸಿಗೆ ಉಪಯೋಗ ಕಮ್ಮಿ. ಟ್ಯೂಬಿನ ಉದ್ದವನ್ನು ಫೋಕಲ್ ಲೆಂತಿನಿಂದ ಭಾಗಿಸಿದಷ್ಟೇ ಲಾಭ ಸಿಗುವುದು. 65 ಮಿ.ಮೀ. ಟ್ಯೂಬು 50ರ ಲೆನ್ಸಿಗೆ 1.3 ಪಟ್ಟು ಕೊಡುತ್ತದೆ, 250ಕ್ಕೆ ಕಾಲು ಪಟ್ಟು ಕೊಟ್ಟರೆ ಹೆಚ್ಚು. ರೇನಾಕ್ಸ್‌ನದು ಇದಕ್ಕೆ ಪೂರಾ ಉಲ್ಟಾ, ಲೆನ್ಸ್ ಉದ್ದವಾದಷ್ಟೂ ಇದರ ಕೆಲಸ ಜೋರು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ 18-55ಕ್ಕೆ ಹಾಕಿ "ಏನೂ ಆಗಲಿಲ್ಲ" ಅಂತ ಬೈಯುವವರನ್ನು ನೋಡಿದ್ದೇನೆ. 55ಕ್ಕೆ ಅರ್ಧ ಪಟ್ಟೂ ಬರುವುದಿಲ್ಲ, ಇನ್ನೇನಾಗಬೇಕು?

ಜೋಡಿಸುವ ವಿಧಾನ ಸುಲಭ. ಜೊತೆಗೇ ಒಂದು ಪ್ಲಾಸ್ಟಿಕ್ ಕ್ಲಿಪ್ ಬರುತ್ತದೆ, 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಯಾವ ಲೆನ್ಸಿಗಾದರೂ ಕೂರುತ್ತದೆ. ಎರಡೂ ಬದಿ ಒತ್ತಿ ಸಿಕ್ಕಿಸುವುದು, ಒತ್ತಿ ತೆಗೆಯುವುದು. ಮರದಲ್ಲಿ ಜೇಡ ತೆಗೆಯುತ್ತಿರುವಾಗ ಹಕ್ಕಿ ಬಂತು ಅಂದುಕೊಳ್ಳಿ, ಕ್ಷಣದಲ್ಲಿ ಕಿತ್ತು ಜೇಬಿಗೆ ಹಾಕಿ ಹಕ್ಕಿಯ ಫೋಟೋ ಹೊಡೆಯಬಹುದು. ಆದರೆ ಲಂಟಾನ ಪೊದೆಯೊಳಗೆ ತಲೆ ತೂರಿಸುವ ಅಭ್ಯಾಸ ಇರುವವರು ಕ್ಲಿಪ್ ನಂಬಿಕೊಳ್ಳಬೇಡಿ. ಲೆನ್ಸಿನ ಹಿಂದೆ 43 ಮಿ.ಮೀ. ತಿರುಪು ಇದೆ. ನನ್ನ 55-250ರ ಮೂತಿ 58 ಮಿ.ಮೀ., ಅಂಥದ್ದಕ್ಕೆ 58ರಿಂದ 43ಕ್ಕೆ ಇಳಿಸುವ ಸ್ಟೆಪ್ ಡೌನ್ ರಿಂಗ್ ತಂದು ನೇರ ತಿರುಗಿಸಿಬಿಟ್ಟರೆ ಕಡ್ಡಿ ತಗುಲಿದರೂ ಅಲ್ಲಾಡುವುದಿಲ್ಲ.

ಬೇಸಿಗೆಯಲ್ಲಿ ತುಮಕೂರಿನ ಸುತ್ತ ಏನಿರುತ್ತದೆ ತೆಗೆಯಲು, ಎಲ್ಲ ಒಣಗಿರುತ್ತದಲ್ಲ ಅಂತ ಕೇಳುವವರೇ ಜಾಸ್ತಿ. ಒಣಗಿರುವುದರಿಂದಲೇ ಸುಲಭ ಅನ್ನುತ್ತೇನೆ ನಾನು. ಎಲೆ ಉದುರಿರುವುದರಿಂದ ಮರದ ತೊಗಟೆ ಕಾಣುತ್ತದೆ. ಕುರುಚಲು ಜಾಲಿಯ ಮೇಲಿನ ಬಲೆ ದೂರದಿಂದಲೇ ಕಾಣುತ್ತದೆ. ಹಸಿರು ಉಳಿದಿರುವುದು ನೀರಿನ ಆಸುಪಾಸು ಮಾತ್ರ, ಹುಳಗಳೂ ಅಲ್ಲೇ ಬಂದು ಸೇರುತ್ತವೆ. ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿ.ಮೀ. ಬೆಟ್ಟದ ತಲೆ ಸುಮಾರು 3,900 ಅಡಿ ಎತ್ತರ. ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ, ಮಧ್ಯೆ ನಮ್ಮಂಥವರು ಮಂಡಿ ಊರಿಕೊಂಡು ಹುಳ ಹುಡುಕುತ್ತಿರುತ್ತೇವೆ. ಅಲ್ಲೇ ಹತ್ತಿರದ ನಾಮದ ಚಿಲುಮೆಯಲ್ಲಿ ಬಂಡೆಯಿಂದ ನೀರು ಬರುತ್ತದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ತರಿಸಿದ್ದು ಅಂತ ಕಥೆ. ಅಲ್ಲಿಗೆ ಬರುವ ಜನ ಜಿಂಕೆ ನೋಡಿ ವಾಪಸ್ ಹೋಗುತ್ತಾರೆ. ಪಕ್ಕದ ಮರದ ಬೊಡ್ಡೆಯನ್ನು ಯಾರೂ ನೋಡುವುದಿಲ್ಲ.

ಬೊಡ್ಡೆಯ ಮೇಲೆ ಎರಡು ಬಾಲದ ಜೇಡ ಇರುತ್ತದೆ. ಹೆರ್ಸಿಲಿಯಾ ಜಾತಿ. ಬಾಲದ ಹಾಗೆ ಕಾಣುವ ಆ ಎರಡು ಕಡ್ಡಿಗಳು ನಿಜಕ್ಕೂ ದಾರ ಬಿಡುವ ಅಂಗಗಳು. ಇರುವೆ ಬಂದರೆ ಅದರ ಸುತ್ತ ಗಿರಗಿರ ಸುತ್ತಿ ದಾರದಲ್ಲಿ ಕಟ್ಟಿ ಹಾಕುತ್ತದೆ. ತೊಗಟೆಯ ಬಣ್ಣವೇ ಮೈಯೆಲ್ಲ, ಅಲ್ಲಾಡದಿದ್ದರೆ ಕಾಣುವುದೇ ಇಲ್ಲ. ರೇನಾಕ್ಸ್ ಕೊಂಡವರು ಮೊದಲು ಇದನ್ನೇ ತೆಗೆಯಿರಿ ಅನ್ನುವುದು ನನ್ನ ಸಲಹೆ, ಅದಕ್ಕೆ ಕಾರಣ ಇದೆ. ಎರಡು ಪಟ್ಟಿನಲ್ಲಿ ಫೋಕಸ್ ಸಿಗುವ ದಪ್ಪ ಒಂದು ಮಿಲಿಮೀಟರಿಗಿಂತ ತುಂಬಾ ಕಡಿಮೆ. ಬೆಳಕು ಬರುವ ಕಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಅಷ್ಟೇ. ಕಣ್ಣು ಚೊಕ್ಕ ಬಂದರೆ ಕಾಲು ಮಸುಕು. ಇನ್ನೂ ಕಿರಿದು ಮಾಡಿ ಎಫ್ 22ಕ್ಕೆ ಹೋದರೆ ಚಿತ್ರವೆಲ್ಲ ಮೆತ್ತಗಾಗುತ್ತದೆ. ಆದರೆ ಈ ಜೇಡ ತೊಗಟೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂರುತ್ತದೆ. ಕ್ಯಾಮೆರಾದ ಬೆನ್ನು ತೊಗಟೆಗೆ ಸಮನಾಗಿ ಇರುವಂತೆ ಹಿಡಿದರೆ ಮೈಯ ಹೆಚ್ಚಿನ ಭಾಗ ಫೋಕಸಿಗೆ ಬಂದುಬಿಡುತ್ತದೆ. ಪೊದೆಯಲ್ಲಿ ಬಲೆ ಕಟ್ಟಿ ಇಂಗ್ಲಿಷಿನ ಎಕ್ಸ್ ಆಕಾರದಲ್ಲಿ ಕಾಲು ಚಾಚಿ ತಲೆಕೆಳಗಾಗಿ ಕೂರುವ ಸಿಗ್ನೇಚರ್ ಜೇಡಕ್ಕೂ ಇದೇ ಉಪಾಯ. ಬಲೆಗೆ ಸಮನಾಗಿ ಹಿಡಿಯಿರಿ, ಝೂಮ್ ಸ್ವಲ್ಪ ಹಿಂದಕ್ಕೆ ತನ್ನಿ, ಬಲೆಯ ಮೇಲಿನ ಬಿಳಿ ಅಂಕುಡೊಂಕು ಹೊಲಿಗೆಯೂ ಬರಲಿ. ಅತಿಯಾಗಿ ಹಿಂದಕ್ಕೆ ತಂದರೆ ಫ್ರೇಮಿನ ಮೂಲೆಗಳು ಕಪ್ಪಾಗುತ್ತವೆ, ಅದೊಂದು ಗಮನದಲ್ಲಿರಲಿ.

ಫೋಕಸ್ ವಿಷಯಕ್ಕೆ ಬಂದರೆ, ಆಟೋಫೋಕಸ್ ಮರೆತುಬಿಡಿ. ಮ್ಯಾನ್ಯುಯಲ್‌ಗೆ ಹಾಕಿ ರಿಂಗನ್ನು ಅನಂತಕ್ಕೆ ಬಿಡಿ. ಆಮೇಲೆ ನೀವೇ ಹಿಂದೆ ಮುಂದೆ ತೂಗಬೇಕು, ಕಣ್ಣು ಚೊಕ್ಕವಾದ ಕ್ಷಣ ಒತ್ತಬೇಕು. ಎಡಗೈಯಲ್ಲಿ ಹುಳ ಕೂತ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಊರಿದರೆ ಎರಡೂ ಒಟ್ಟಿಗೆ ಅಲ್ಲಾಡುತ್ತವೆ, ಗಾಳಿಯ ಕಾಟ ಅರ್ಧ ಕಡಿಮೆ. ಟ್ರೈಪಾಡ್ ಹೊತ್ತುಕೊಂಡು ಹೋಗುವವರಿಗೆ ನಮಸ್ಕಾರ. ನೀವು ಅದರ ಕಾಲು ಬಿಡಿಸುವಷ್ಟರಲ್ಲಿ ಹುಳ ಪಕ್ಕದ ಊರಿಗೆ ಹೋಗಿರುತ್ತದೆ.

ಈಗ ಯಾವ ಅಂಗಡಿಯವನೂ ಹೇಳದ ಮಾತು. ಈ ಲೆನ್ಸ್ ಕೊಂಡರೆ ಅರ್ಧ ಕೆಲಸ ಆದ ಹಾಗೆ ಅಷ್ಟೇ. ಉಳಿದರ್ಧ ಬೆಳಕು. ಎಫ್ 11ರಲ್ಲಿ, ಹುಳಕ್ಕೆ ಅಷ್ಟು ಹತ್ತಿರ ಹೋಗಿ ನೆರಳು ಬೀಳಿಸಿಕೊಂಡು, ಬರೀ ಬಿಸಿಲಿನಲ್ಲಿ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ. ಫ್ಲಾಶ್ ಬೇಕೇ ಬೇಕು. ನಾನು ಬಳಸುವುದು ಗೋಡಾಕ್ಸ್‌ನ ಸಣ್ಣ ಟಿಟಿ350, ಎರಡೇ ಪೆನ್ಸಿಲ್ ಸೆಲ್ಲಿನದು. ಐಎಸ್ಒ 200, ಶಟರ್ 1/200, ಫ್ಲಾಶ್ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಪವರಿನ 1/8 ಅಥವಾ 1/16. ಪವರ್ ಕಮ್ಮಿ ಇಟ್ಟಷ್ಟೂ ಮಿಂಚಿನ ಅವಧಿ ಚಿಕ್ಕದು, ಕೈ ನಡುಗಿದರೂ ಗೊತ್ತಾಗುವುದಿಲ್ಲ. ಆದರೆ ಬರಿ ಫ್ಲಾಶ್ ಹೊಡೆದರೆ ಜೇಡದ ಮೈ ಬೋಳುತಲೆ ಮೇಲೆ ಟ್ಯೂಬ್‌ಲೈಟ್ ಬಿದ್ದ ಹಾಗೆ ಹೊಳೆಯುತ್ತದೆ. ಬೆಳಕನ್ನು ಮೆತ್ತಗೆ ಮಾಡಬೇಕು, ಹುಳಕ್ಕೆ ಎಷ್ಟಾಗುತ್ತದೋ ಅಷ್ಟು ಹತ್ತಿರ ತರಬೇಕು.

ಡಿಫ್ಯೂಸರ್ ಅಂತ ಎರಡು ಮೂರು ಸಾವಿರಕ್ಕೆ ಮಾರುತ್ತಾರೆ. ಸುಮ್ನೆ ದಂಡ. ಉದ್ದನೆಯ ಚಿಪ್ಸ್ ಡಬ್ಬಿ ಇರುತ್ತದಲ್ಲ, ಒಳಗೆ ಬೆಳ್ಳಿ ಬಣ್ಣದ ಹಾಳೆ ಇರುವಂಥದ್ದು, ಅದನ್ನು ಓರೆಯಾಗಿ ಕತ್ತರಿಸಿ ಫ್ಲಾಶಿಗೆ ತೊಡಿಸಿ. ಬೆಳಕು ಅದರೊಳಗೆ ಹರಿದು ಲೆನ್ಸಿನ ಮೂತಿಯವರೆಗೆ ಬರುತ್ತದೆ. ಬಾಯಿಗೆ ಹಣ್ಣಿನ ಅಂಗಡಿಯಲ್ಲಿ ಬಿಸಾಡುವ ತೆಳು ಬಿಳಿ ಫೋಮ್ ಶೀಟನ್ನು ಎರಡು ಪದರ ಬಗ್ಗಿಸಿ ಅಂಟಿಸಿ. ಫೋಮ್ ಸ್ವಲ್ಪ ಗುಮ್ಮಟವಾಗಿ ಹುಳದ ಮೇಲೆ ಬಾಗಿರಬೇಕು, ಆಗ ಕಣ್ಣಿನಲ್ಲಿ ಬೀಳುವ ಹೊಳಪೂ ದುಂಡಗೆ ಅಂದವಾಗಿ ಬರುತ್ತದೆ. ಹಣ್ಣಿನ ಅಂಗಡಿಯವರು ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ, ಯಾಕೆ ಅಂತ ಮಾತ್ರ ವಿಚಿತ್ರವಾಗಿ ನೋಡುತ್ತಾರೆ. ಒಳ್ಳೆ ಲೆನ್ಸ್, ಕೆಟ್ಟ ಬೆಳಕು ಇದ್ದ ಫೋಟೋಕ್ಕಿಂತ ಸಾಧಾರಣ ಲೆನ್ಸ್, ಒಳ್ಳೆ ಬೆಳಕಿನ ಫೋಟೋ ಯಾವತ್ತೂ ಚೆನ್ನ. ಇದನ್ನು ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ.

ನೆಗೆಯುವ ಜೇಡಗಳು ಈ ಲೆನ್ಸಿಗೆಂದೇ ಹುಟ್ಟಿದಂತಿವೆ. ಎಂಟು ಕಣ್ಣು, ಅದರಲ್ಲಿ ಮುಂದಿನ ಎರಡು ದೊಡ್ಡವು. ಕಾಡಿಗೂ ಹೋಗಬೇಕಿಲ್ಲ, ಮನೆ ಗೋಡೆಯಲ್ಲಿ ನೊಣ ಹಿಡಿಯುವ ಪ್ಲೆಕ್ಸಿಪಸ್ ಇದ್ದೇ ಇರುತ್ತದೆ. ಇವುಗಳ ಒಂದು ಸ್ವಭಾವ ಫೋಟೋದವರಿಗೆ ವರ. ಓಡಿ ಹೋಗುವುದಿಲ್ಲ, ತಿರುಗಿ ನಿಂತು ನಿಮ್ಮನ್ನೇ ನೋಡುತ್ತವೆ. ಸಾಲಾಗಿ ತೆಗೆದ ಫೋಟೋಗಳನ್ನು ಆಮೇಲೆ ದೊಡ್ಡದು ಮಾಡಿ ನೋಡಿ, ಒಂದರಲ್ಲಿ ಕಣ್ಣು ಕಡು ಕಪ್ಪು, ಮುಂದಿನದರಲ್ಲಿ ಕಂದು. ಕಣ್ಣಿನ ಹೊರಗಿನ ಗಾಜು ಅಲ್ಲಾಡುವುದಿಲ್ಲ, ಒಳಗಿನ ಕೊಳವೆ ಅತ್ತಿತ್ತ ತಿರುಗುತ್ತದೆ, ಅದು ನೇರ ನಿಮ್ಮ ಕಡೆ ಬಂದಾಗ ಕಪ್ಪು ಕಾಣುತ್ತದೆ. ಅಂದರೆ ಜೇಡ ನಿಮ್ಮನ್ನು ನೋಡುತ್ತಿದೆಯೋ ಬೇರೆ ಕಡೆ ನೋಡುತ್ತಿದೆಯೋ ಅನ್ನುವುದೂ ಫೋಟೋದಲ್ಲಿ ತಿಳಿಯುತ್ತದೆ! ಒಂದು ಪಟ್ಟಿನ ಫೋಟೋದಲ್ಲಿ ಇದು ಇಷ್ಟು ಚೆನ್ನಾಗಿ ಕಾಣುವುದಿಲ್ಲ, ಎರಡು ಪಟ್ಟು ಇಲ್ಲಿ ನಿಜವಾಗಿ ಬೇಕು.

ಇನ್ನೊಂದು ಮಾವಿನ ಮರದ್ದು. ನಮ್ಮ ಕಡೆ ತೋಟಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಜಗ ಗೊತ್ತಿರಬೇಕು. ದೊಡ್ಡ ಇರುವೆಗಳು ತಮ್ಮ ಮರಿಹುಳಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದಲೇ ಎಲೆ ಹೊಲಿಯುತ್ತವೆ. ಆ ಗೂಡಿನ ಸುತ್ತಮುತ್ತ, ಇರುವೆಯ ಬಣ್ಣ, ಇರುವೆಯ ಸೊಂಟ, ಇರುವೆಯ ನಡಿಗೆ ಎಲ್ಲ ಕದ್ದ ಒಂದು ಜೇಡ ಓಡಾಡುತ್ತದೆ. ಮುಂದಿನ ಎರಡು ಕಾಲನ್ನು ಮೇಲೆತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಗಂಡಿನ ದವಡೆಯಂತೂ ಉದ್ದಕ್ಕೆ ಮುಂದೆ ಚಾಚಿ, ಒಂದು ಇರುವೆ ಇನ್ನೊಂದನ್ನು ಹೊತ್ತು ಹೋಗುತ್ತಿರುವಂತೆ ಕಾಣುತ್ತದೆ. ಅದರ ಕಾಲು ಎಣಿಸಿ, ಎಂಟಿದ್ದರೆ ಇದು ಅದೇ. ಕೆಂಜಗ ಕಚ್ಚುವ ಕಡೆ ಹನ್ನೆರಡು ಸೆಂಟಿಮೀಟರ್ ದೂರದಲ್ಲಿ ಲೆನ್ಸಿನ ಮೂತಿ ಇಟ್ಟುಕೊಂಡು ಕೂರಬೇಕು ಅನ್ನುವುದು ಮಾತ್ರ ಈ ಲೆನ್ಸಿನ ಶಿಕ್ಷೆ. ಕತ್ತಿಗೆ ಟವೆಲ್ ಸುತ್ತಿಕೊಳ್ಳಿ.

ಹೀಗೆ ಮಾವಿನ ಬುಡದಲ್ಲಿ ಕೂತಿದ್ದಾಗ ತೋಟದ ಅಕ್ಕ ಬಂದು, "ಏನಣ್ಣ, ಉಂಗುರ ಗಿಂಗುರ ಬಿದ್ದೋಯ್ತಾ?" ಅಂದರು. "ಇಲ್ಲಕ್ಕ, ಜೇಡ ನೋಡ್ತಿದೀನಿ" ಅಂದೆ. ಕ್ಯಾಮೆರಾದ ಹಿಂದೆ ಫೋಟೋ ತೋರಿಸಿದೆ. "ಅಯ್ಯಪ್ಪ, ಇದ್ಕೆ ಇಷ್ಟೊಂದು ಕಣ್ಣಾ!" ಅಂತ ನಕ್ಕು, "ಪಂಪ್‌ಸೆಟ್ ಮನೇಲಿ ಇದರಪ್ಪನಂಥದ್ದು ಒಂದು ಐತೆ ಬನ್ನಿ" ಅಂತ ಕರೆದುಕೊಂಡು ಹೋದರು. ಇತ್ತು. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದುಕೊಂಡ ಹಂಟ್ಸ್‌ಮನ್ ಜೇಡ, ಕಾಲು ಚಾಚಿದರೆ ಅಂಗೈ ಅಗಲ. ಇಂಥ ದೊಡ್ಡದಕ್ಕೆ ರೇನಾಕ್ಸ್ ದಂಡ. ಕಿತ್ತು ಜೇಬಿಗೆ ಹಾಕಿ ಬರೀ 55-250ರಲ್ಲೇ ತೆಗೆಯಬೇಕು.

ಜಾಲಿ ಗಿಡಗಳ ಮೇಲೆ ಕೊಳಕು ಬಟ್ಟೆ ಸಿಕ್ಕಿಕೊಂಡಂತೆ ಕಾಣುವ ಬಲೆಗಳನ್ನೂ ಬಿಡಬೇಡಿ. ಅದು ಸ್ಟೆಗೋಡೈಫಸ್ ಅನ್ನುವ ಕೂಡಿ ಬಾಳುವ ಜೇಡದ್ದು. ನೂರಾರು ಜೇಡ ಒಂದೇ ಗೂಡಿನಲ್ಲಿ ಇರುತ್ತವೆ, ಒಟ್ಟಿಗೆ ಬೇಟೆ ಹಿಡಿಯುತ್ತವೆ. ಮರಿ ದೊಡ್ಡವಾದ ಮೇಲೆ ತಾಯಿಯನ್ನೇ ತಿಂದು ಮುಗಿಸುತ್ತವೆ. ಗಾಳಿಗೆ ಇಡೀ ಬಲೆ ಅಲ್ಲಾಡುವುದರಿಂದ ಹತ್ತು ಫೋಟೋದಲ್ಲಿ ಒಂದು ಸಿಕ್ಕರೆ ಪುಣ್ಯ. ಬೆಳಗ್ಗೆ ಆರರಿಂದ ಒಂಬತ್ತರ ಒಳಗೆ ಹೋಗಿ, ಗಾಳಿ ಕಡಿಮೆ, ಹುಳಗಳೂ ಇನ್ನೂ ಬಿಸಿಯಾಗಿರುವುದಿಲ್ಲ, ನಿಧಾನ ಇರುತ್ತವೆ. ಹತ್ತು ಗಂಟೆ ಮೇಲೆ ಏನೂ ನಿಲ್ಲುವುದಿಲ್ಲ, ಆಗ ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿನ್ನುವುದು ಒಳ್ಳೆಯದು. ಭರಣಿ ಮಳೆ ಬಿದ್ದ ಮರುದಿನ ಮಾತ್ರ ಇಡ್ಲಿ ಆಮೇಲೆ, ಅವತ್ತು ಎಲ್ಲಿ ನೋಡಿದರೂ ಹುಳ. ಹುಳ ಅಲ್ಲಾಡದಿರಲಿ ಅಂತ ಫ್ರಿಜ್‌ನಲ್ಲಿಟ್ಟು ತೆಗೆಯುವವರು ಇದ್ದಾರೆ, ಅವರ ಜೊತೆ ನನಗೆ ಮಾತಿಲ್ಲ. ಕತ್ತಲಾದ ಮೇಲೆ ಬೆಟ್ಟದಲ್ಲಿ ಉಳಿಯಬೇಡಿ, ಚಿರತೆ, ಕರಡಿ ಇರುವ ಕಾಡು ಅದು. ಮಂಡಿ ಊರುವ ಮೊದಲು ತರಗೆಲೆಯನ್ನು ಕೋಲಿನಿಂದ ಸರಿಸಿ, ಮಂಡಲದ ಹಾವು ಎಲೆಯ ಬಣ್ಣವೇ. ಮನೆಗೆ ಬಂದ ಮೇಲೆ ಮೈಮೇಲೆ ಉಣ್ಣಿ ನೋಡಿಕೊಳ್ಳಿ.

ಚಿಟ್ಟೆಗೆ ಯಾಕೆ ಬೇಡ ಅಂದೆ? ಲೆನ್ಸಿನ ಮೂತಿಯಿಂದ ಹುಳಕ್ಕೆ ಹನ್ನೆರಡು ಸೆಂಟಿಮೀಟರ್ ಆಸುಪಾಸು ದೂರ, ಅದಕ್ಕಿಂತ ಜಾಸ್ತಿ ದೂರದಿಂದ ಫೋಕಸ್ ಆಗುವುದೇ ಇಲ್ಲ. ಝೂಮ್ ಎಷ್ಟೇ ಮಾಡಿ, ದೂರ ಅಷ್ಟೇ. ಜೇಡ ಕೂತಿರುತ್ತದೆ, ಚಿಟ್ಟೆ ಕೂರುತ್ತದಾ? ಅಲ್ಲದೆ ಚಿಟ್ಟೆಯ ರೆಕ್ಕೆ ಆ 11 ಮಿ.ಮೀ. ಒಳಗೆ ಹಿಡಿಸುವುದೂ ಇಲ್ಲ. 55-250ರ ಎಸ್‌ಟಿಎಂ ಮಾದರಿ ಆದರೆ ಬರಿ ಲೆನ್ಸೇ 85 ಸೆಂ.ಮೀ. ದೂರದಿಂದ 0.29 ಪಟ್ಟು ಕೊಡುತ್ತದೆ, ಚಿಟ್ಟೆಗೆ ಅಷ್ಟೇ ಬೇಕಾಗಿರುವುದು. ಎಕ್ಕದ ಗಿಡದ ಮೇಲೆ ಹಳದಿ ನೀಲಿ ಪಟ್ಟೆಯ ಬಣ್ಣದ ಮಿಡತೆ ಕೂತಿರುತ್ತದಲ್ಲ, ಅದಕ್ಕೂ ಅಷ್ಟೇ ಸಾಕು. ನಡುವಿನ ಗಾತ್ರದವೇ ನಿಮಗೆ ಹೆಚ್ಚು ಬೇಕಾದರೆ ಇದೇ ಕಂಪನಿಯ ಡಿಸಿಆರ್-150 ನೋಡಿ. 4.8 ಡಯಾಪ್ಟರ್, ಇಪ್ಪತ್ತು ಸೆಂಟಿಮೀಟರ್ ದೂರ ಸಿಗುತ್ತದೆ. ಸೂರ್ಯನ ಕುದುರೆ, ಜೀರುಂಡೆ ಇವಕ್ಕೆ ಅದೇ ಹಿತ. ಹೊಸಬರಿಗೆ ಕೈ ಪಳಗಿಸಿಕೊಳ್ಳಲೂ ಅದೇ ಸುಲಭ. ನನಗೆ ಮುಖ ಬೇಕಿತ್ತು, ಹಾಗಾಗಿ 250.

ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಸಾಲದಾ ಅಂತ ಕೇಳುತ್ತಾರೆ. ಮಕ್ಕಳಿಗೆ ಕೊಡಿಸಿ, ಚೆನ್ನಾಗಿದೆ. ಆದರೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು, ಇಂಥ ಫ್ಲಾಶ್ ಇಲ್ಲ, ಮೊಬೈಲಿನ ನೆರಳೇ ಹುಳದ ಮೇಲೆ.

ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ನನಗೆ ಕಳಿಸಿದ ಮಾರಾಟಗಾರ ಕ್ಲಿಪ್ಪನ್ನೇ ಹಾಕಿರಲಿಲ್ಲ, ಎರಡು ವಾರ ಜಗ್ಗಾಡಿ ತರಿಸಿಕೊಂಡೆ. ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹಳೆಯದು ಸಿಕ್ಕರೂ ಧೈರ್ಯವಾಗಿ ತಗೊಳ್ಳಿ, ಇದರಲ್ಲಿ ಮೋಟರ್ ಇಲ್ಲ, ಸರ್ಕ್ಯೂಟ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಗಾಜಿನ ಒಳಗೆ ಬೂಷ್ಟು ಬಂದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ, 43ರ ತಿರುಪು ಸವೆದಿಲ್ಲ ತಾನೇ ಅಂತ ಒಮ್ಮೆ ರಿಂಗ್ ಹಾಕಿ ತಿರುಗಿಸಿ.